ಉದ್ರಿ

ಅಟ್ಬರಾ ರೈಲು ನಿಲ್ದಾಣದೆದುರು, ಬೇವಿನಡಿ
ಸಿತ್ತಾನಾಳ ಚಹಾ.
ಪುಟ್ಟ ಗಾಜಿನ ಲೋಟಕ್ಕೆ ನಾಲ್ಕು ಚಮಚ ಸಕ್ಕರೆ,
ಕೇಳಿದರೆ ಐದು.
ತನ್ನದಕ್ಕೆ ಮಾತ್ರ ಸೊನ್ನೆ, ಆರು ವರ್ಷದಿಂದ.
'ಹದವಾಗಿದೆಯಾ?' ಎಂದು
ಗಿರಾಕಿಯ ನಾಲಗೆಯಲ್ಲೇ ರುಚಿ ನೋಡುತ್ತಾಳೆ.

ಕರೆಂಟು ಹೋಗಿ ಹನ್ನೊಂದು ದಿನ.
ಇನ್ಸುಲಿನ್ ಸೀಸೆ ಈಗ
ಸತ್ತ ಗಂಡನ ಕಾಲುಚೀಲ ತೊಟ್ಟು
ಹರವಿಯ ತಣ್ಣನೆ ಹೊಟ್ಟೆಯಲ್ಲಿ.
ರಕ್ತ ನೋಡುವ ಪಟ್ಟಿ ಉಳಿದದ್ದು ಮೂರೇ ಮೂರು,
ಇನ್ನೆಲ್ಲ ಅಂದಾಜು:
ಬಾಯಾರಿದರೆ ಏರಿದೆ, ಬೆವೆತರೆ ಇಳಿದಿದೆ.
ಆದರೆ ಮೇ ತಿಂಗಳ ಅಟ್ಬರಾದಲ್ಲಿ
ಯಾರಿಗೆ ಬಾಯಾರುವುದಿಲ್ಲ,
ಯಾರು ಬೆವರುವುದಿಲ್ಲ?

ನಿನ್ನೆ ಚುಚ್ಚಿಕೊಂಡಳು. ಉಣ್ಣಲು ಪುರುಸೊತ್ತಾಗಲಿಲ್ಲ,
ಅಪರೂಪಕ್ಕೆ ರೈಲು ಬಂದಿತ್ತು.
ಕೆಟಲಿ ವಾಲಿತು.
ಎದುರಿನ ಮುಖಗಳೆಲ್ಲ ಎರಡೆರಡಾಗಿ
ದೂರ ಸರಿದವು.
ಮೂಟೆ ಹೊರುವ ಓಶೇಕ್ ಅವಳದೇ ಡಬ್ಬಿಗೆ ಕೈಯಿಕ್ಕಿ
ಒಂದು ಹಿಡಿ
ಅವಳ ಬಾಯಿಗೆ ಸುರಿದ.

ಗದರಲಿಲ್ಲ.
ತುಟಿಯಂಚಿನ ಕೊನೆಯ ಹರಳನ್ನೂ
ಕಣ್ಣು ಮುಚ್ಚಿ ನೆಕ್ಕಿದಳು.

ಸಂಜೆ ಲೋಟ ತೊಳೆದಿಟ್ಟು,
ಓಶೇಕನ ಹಳೆಯ ಸಾಲಕ್ಕೆ ಗೀಟು ಹೊಡೆದು
ಕೆಳಗೆ ಬರೆದಳು:
ಸಿತ್ತಾನಾ, ಸಕ್ಕರೆ, ಒಂದು ಹಿಡಿ.
ಬಾಕಿ.