ಗೇಣಿಗೆ ಎರಡು ಬೆರಳು ಕಡಿಮೆ

ಶೋರೂಮಿನ ಹುಡುಗ ಮೊದಲು ತೋರಿಸಿದ್ದು ಆಕಾಶ.
ಗುಂಡಿ ಒತ್ತಿದ, ಮಾಡು ಸರಿಯಿತು,
ಕುಶಾಲನಗರದ ಬಿಸಿಲು ಅತ್ತೆಯ ತಲೆವಸ್ತ್ರದ ಮೇಲೆ ಬಿತ್ತು.
"ಮುಚ್ಚಪ್ಪ," ಎಂದರು ಅತ್ತೆ,
"ನಮ್ಮಲ್ಲಿ ಆಕಾಶ ಕಡಿಮೆಯೇನಿಲ್ಲ, ಸೋರುವುದೇ ಜಾಸ್ತಿ."

ನಾನು ಮೊಣಕಾಲೂರಿ
ಕಾರಿನ ಹೊಟ್ಟೆಯಡಿ ಕೈ ತೂರಿಸಿ ಗೇಣು ಹಿಡಿದೆ.
ಹೆಬ್ಬೆರಳು ಹೊಳೆಯುವ ನೆಲಕ್ಕೆ, ಕಿರುಬೆರಳು ಕಬ್ಬಿಣಕ್ಕೆ.
ಹುಡುಗ ಕಾಗದ ತಂದ: ನೂರ ಅರವತ್ತೈದು ಮಿಲಿಮೀಟರ್, ಮೇಡಂ.
ಖಾಲಿ ಇದ್ದಾಗಲೋ, ನಾವೆಲ್ಲ ಕೂತಾಗಲೋ?
ಅವನಿಗೆ ಯಾರೂ ಇದನ್ನು ಕೇಳಿರಲಿಲ್ಲ.

ಕಕ್ಕಬೆ ದಾಟಿ, ಟಾರು ಮುಗಿದ ಮೇಲೆ,
ಮೂರನೇ ತಿರುವಿನ ಏರಿನಲ್ಲಿ
ದಾರಿಯ ನಟ್ಟನಡುವೆ ಒಂದು ಕಲ್ಲು.
ಎತ್ತರ: ನನ್ನ ಗೇಣಿಗೆ ಎರಡು ಬೆರಳು ಕಡಿಮೆ.
ಎಡಕ್ಕೆ ಸರಿದರೆ ಮೋರಿ, ಬಲಕ್ಕೆ ಸರಿದರೆ ಬರೆ.
ನಮ್ಮ ಹಳೆ ಎಂಟುನೂರು ಎರಡು ಸಲ
ಅದರ ಮೇಲೆ ಎಣ್ಣೆ ಕಕ್ಕಿತ್ತು.

ಮಾಚಯ್ಯನಿಗೆ ಜೀಪಿನಂಥದ್ದೇ ಬೇಕು,
ನಾಲ್ಕೂ ಚಕ್ರ ಎಳೆಯುವಂಥದ್ದು.
ಓಡಿಸುವವಳು ನಾನು.
ತಿಂಗಳಿಗೊಮ್ಮೆ ದೇಚಕ್ಕನ ಹಲ್ಲಿನ ತಂತಿ ಬಿಗಿಸಲು
ಮೈಸೂರಿನ ಮಂಡಿ ಮೊಹಲ್ಲಾದಲ್ಲಿ
ಎರಡು ಸ್ಕೂಟರಿನ ನಡುವೆ, ಬಾಳೆಗಾಡಿಯ ಹಿಂದೆ
ಹಿಮ್ಮುಖವಾಗಿ ತುರುಕಬೇಕಾದವಳೂ ನಾನೇ.
ಅತ್ತೆಯದು ನೆರಿಗೆ ಹಿಂದಕ್ಕಿರುವ ಸೀರೆ.
ಎತ್ತರದ ಗಾಡಿ ಹತ್ತುವಾಗ ಅರ್ಧ ನೆರಿಗೆ ಬಾಗಿಲಿಗೆ ಸಿಕ್ಕಿ
ನಾಪೋಕ್ಲುವಿನವರೆಗೂ ಬಾವುಟದ ಹಾಗೆ ಹಾರುತ್ತದೆ.
ಒಂದು ಮೂಟೆ ಕರಿಮೆಣಸು ಹಿಡಿಯಬೇಕು.
ದೇಚಕ್ಕ ವಾಂತಿ ಮಾಡಿದರೆ ಒರೆಸಲು ಬರಬೇಕು.

ನಾಪೋಕ್ಲುವಿನ ಮೊಯ್ದು, ಮೂವತ್ತು ವರ್ಷ
ಇಡೀ ನಾಡಿನ ಗಾಡಿಗಳ ಅಡಿಯಲ್ಲಿ ಮಲಗಿದವನು,
ಎದ್ದು ಕೂತು, ಕೈ ಒರೆಸಿಕೊಂಡು ಹೇಳಿದ:
"ಇಲ್ಲಿ ಬಿಡಿಭಾಗ ಸಿಗದ ಕಾರು ಕಾರಲ್ಲ ಅಕ್ಕ, ಶೋಕೇಸು.
ಹ್ಯಾಂಡ್‌ಬ್ರೇಕ್ ನೋಡಿ ತಗೊಳ್ಳಿ. ಬಾಕಿಯದು ನಾನಿದ್ದೇನೆ."

ಮೂರು ತಿಂಗಳು. ಅಷ್ಟೂ ಊಟದ ಹೊತ್ತು
ಪೆಟ್ರೋಲು, ಡೀಸೆಲು, ಸಾಲ, ಮೈಲೇಜು.
ಒಂದು ರಾತ್ರಿ ದೇಚಕ್ಕ, ತಂತಿಯ ಹಲ್ಲಿನಲ್ಲೇ,
"ಕಾರು ಬದಲಿಸುವ ಬದಲು
ಕಲ್ಲು ತೆಗೆದರೆ ಆಗಲ್ವಾ?"
ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು.

ಮರುದಿನ ಹಾರೆ, ಪಿಕಾಸಿ, ಮಾಚಯ್ಯ, ಇನ್ನಿಬ್ಬರು.
ಮೊಣಕಾಲುದ್ದ ಅಗೆದರು. ಕಲ್ಲು ಅಗಲವಾಯಿತು.
ಸೊಂಟದುದ್ದ ಅಗೆದರು. ಇನ್ನೂ ಅಗಲವಾಯಿತು.
ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು,
ನಾವು ಕಲ್ಲೆಂದು ಬೈಯುತ್ತಿದ್ದದ್ದು ಬೆಟ್ಟದ ತುದಿಯುಗುರು.
ಮಣ್ಣು ಮುಚ್ಚಿ, ಕಾಫಿ ಕುಡಿದು,
ಗೇಣಿಗಿಂತ ಮೇಲಿರುವ ಕಾರಿಗೆ ಮುಂಗಡ ಕೊಟ್ಟು ಬಂದೆವು.
ಜೀಪಲ್ಲ. ಆಕಾಶವೂ ಇಲ್ಲ.
ಬಣ್ಣ ಮಾತ್ರ ಮಾಚಯ್ಯನ ಆಯ್ಕೆ: ಬೂದಿ.

ಮೊದಲ ಸಂಜೆ ಮೂರನೇ ತಿರುವಿನಲ್ಲಿ
ಎಲ್ಲರೂ ರೂಢಿಯಿಂದ ಕಾಲೆತ್ತಿ ಕುಳಿತರು,
ನನ್ನೊಬ್ಬಳನ್ನು ಬಿಟ್ಟು.
ಕಲ್ಲು ಅಡಿಯಲ್ಲಿ ಹಾದು ಹೋಯಿತು. ಸದ್ದಿಲ್ಲ.
ಯಾಕೋ ಯಾರೂ ಮಾತಾಡಲಿಲ್ಲ.

ಎರಡನೇ ದಿನ ಅತ್ತೆ: "ನಿಲ್ಲಿಸು."
"ಇದು ತಾಗುವುದಿಲ್ಲ ಅತ್ತೆ."
"ಗೊತ್ತು."
ಇಳಿದರು.
ಹಳೆ ಕಾರಿದ್ದಾಗ ಭಾರ ಇಳಿಸಲೆಂದು ಇಳಿಯುತ್ತಿದ್ದ ಜಾಗ.
ಹನ್ನೊಂದು ವರ್ಷ, ಬರುವಾಗ ಹೋಗುವಾಗ,
ಈ ಇಪ್ಪತ್ತು ಹೆಜ್ಜೆ ಅವರು ಒಬ್ಬರೇ ನಡೆದಿದ್ದರು,
ನಾವು ಕಲ್ಲನ್ನಷ್ಟೇ ನೋಡುತ್ತಿದ್ದೆವು.
ಕನ್ನಡಿಯಲ್ಲಿ ನೋಡಿದೆ: ಮೋರಿಯ ಪಕ್ಕ ಬಗ್ಗಿ
ಸುರುಳಿ ಬಿಚ್ಚದ ತೆರ್ಮೆ ಸೊಪ್ಪು ಚಿವುಟಿ
ಸೆರಗಿಗೆ ಹಾಕಿಕೊಳ್ಳುತ್ತಿದ್ದಾರೆ,
ಯಾರೊಡನೆಯೋ ಎಂಬಂತೆ ಏನೋ ಹೇಳುತ್ತ.

ಏರಿನಲ್ಲಿ ಎಂಜಿನ್ ಆರಿಸಿ ಕಾದೆ.
ಹ್ಯಾಂಡ್‌ಬ್ರೇಕ್ ಒಳ್ಳೆಯದಿದೆ.
ಮೊಯ್ದುವಿಗೆ ಹೇಳಬೇಕು.