ಹೆಸರಿನ ಕಾಲಂ

ಒಣಗಿದ ಗಿಡಗಳನ್ನು ಹಾಳೆಗೆ ಹೊಲಿಯುವುದು ನನ್ನ ಕೆಲಸ.
ಮೈಸೂರಿನ ಹಳೇ ಕಟ್ಟಡವೊಂದರ ಹಿಂಬದಿಯ ಕೋಣೆ,
ನುಸಿಗುಳಿಗೆಯ ವಾಸನೆ, ಇಪ್ಪತ್ತೆರಡು ಕಬ್ಬಿಣದ ಬೀರು.
ಒಣಗಿದ ಮೇಲೆ ಯಾವ ಗಿಡವೂ ಹೇಳಿದಂತೆ ಕೇಳುತ್ತದೆ,
ಇದೊಂದನ್ನು ಬಿಟ್ಟು.
ಆರು ವಾರ ರದ್ದಿ ಪೇಪರಿನ ನಡುವೆ ಕಲ್ಲು ಹೇರಿ ಮಲಗಿಸಿದ್ದೆ.
ಎಲೆ ಚಪ್ಪಟೆಯಾಯಿತು, ಹಳದಿ ಹಣ್ಣು ಸುಕ್ಕಾಯಿತು,
ಮುಳ್ಳು ಮಾತ್ರ ಜೋಡಿ ಜೋಡಿಯಾಗಿ ಎದ್ದು
ಮೇಲಿನ ಹಾಳೆಯನ್ನೂ
ಆ ಹಾಳೆಯಲ್ಲಿದ್ದ ಪಾಪದ ತುಂಬೆಯನ್ನೂ
ತೂತು ಮಾಡಿತ್ತು.

ಸಿಕ್ಕಿದ ಜಾಗ: ನಾಗಮಂಗಲದಾಚೆ ಒಂದು ಕೊಪ್ಪಲು.
ಲ್ಯಾಟಿನ್ ಹೆಸರು: ಉದ್ದ ಇದೆ, ಹೊಡೆದು ತಿದ್ದಿದ್ದಾರೆ.
ಊರಿನವರ ಹೆಸರು: ಕಾರೆ.
ಹೆಸರಿನ ಮೂಲ: ಖಾಲಿ.
'ಕೇಳ್ಕೊಂಡು ಬನ್ನಿ' ಎಂದರು ಮೇಡಂ, ಬಸ್ ಚಾರ್ಜು ಎಣಿಸಿ.

ಸಂಜೆ, ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರು
ಒಬ್ಬೊಬ್ಬರು ಒಂದೊಂದು ಮೂಲ ಅಳೆದು ಹಾಕಿದರು.
ಕಾರ್ ಅಂದ್ರೆ ಮೋಡ; ಮೋಡ ಕಂಡರೆ ಚಿಗುರುತ್ತೆ, ಅದಕ್ಕೇ ಕಾರೆ
ಎಂದರು ಹೊಂಬಾಳಯ್ಯ ಮೇಷ್ಟ್ರು.
'ಮೋಡ ಇಲ್ದಿದ್ರೂ ಚಿಗುರ್ತದಲ್ಲ ಸಾ'
ಎಂದ, ಫ್ಯಾಟು ನೋಡುತ್ತಿದ್ದ ಹುಡುಗ.
ಕಾಯಿ ತಿಂದ್ರೆ ಕಾರ್ಕೋಬೇಕು, ಅದಕ್ಕೆ,
ಎಂದು ಬೋರಲಿಂಗ ಹೊಟ್ಟೆ ಹಿಡಿದು ಬಗ್ಗಿ ತೋರಿಸಿದ.
ಕಾಯೋದೇ ಕಾರೆ, ಬೇಲಿಗಾಕುದ್ರೆ ಹಂದಿ ಸುಳಿಯಕಿಲ್ಲ
ಎಂದವನ ಹುರುಳಿ ಹೊಲಕ್ಕೆ
ಮೊನ್ನೆ ರಾತ್ರಿ ಹಂದಿ ನುಗ್ಗಿತ್ತಂತೆ.
ಎಲ್ಲ ಬರೆದುಕೊಂಡೆ.

ಸಾಲಿನ ಕೊನೆಗೆ ಅರ್ಧ ಲೀಟರಿನ ಮುದುಕಿ.
'ನನ್ನೆಸ್ರೂ ಬರ್ಕೊ. ಕಾರಮ್ಮ.'
ಪೆನ್ನು ನಿಂತಿತು.
'ನಮ್ಮವ್ವುಂಗೆ ಮೂರು ಓಗಿದ್ವು ಕನಪ್ಪ, ತೊಟ್ಲಲ್ಲೇ.
ನಾಕ್ನೇದು ನಾನು. ಮೊರದಲ್ ಮಡಗಿ
ಕಾರೆಮೆಳೆ ಒಳಕ್ಕೆ ನೂಕುದ್ರಂತೆ, ಒತ್ತು ಮುಳುಗೋಗಂಟ.
ಸಾವು ಅನ್ನೋಳು ಬತ್ತಾಳೆ, ಬಗ್ತಾಳೆ,
ಸೆರಗು ಸಿಕ್ಕಾಕತ್ತದೆ.'
ತೋಳು ಚಾಚಿದಳು. ಮೊಣಕೈ ಹತ್ತಿರ
ಎರಡು ಬಿಳಿ ಚುಕ್ಕೆ, ಎದುರುಬದುರು.
'ಎಂಬತ್ತು ದಾಟ್ತು.
ಇನ್ನೂ ಬುಡುಸ್ಕೋತಾನೇ ಅವ್ಳೆ ಅವ್ಳು.'

ಗಿಡಕ್ಕೆ ಆ ಹೆಸರು ಹೆಂಗೆ ಬಂತಜ್ಜಿ?
'ಅದುನ್ ಯಾರ್ ಕಂಡವ್ರೆ?'
ಕ್ಯಾನು ಅಳತೆಗೆ ಬಗ್ಗಿಸಿ,
ನೊರೆ ಇಳಿಯಲಿ ಎಂದು ಕಾದು,
ಚೀಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಕಾಲಂ ಇರುವುದು ಒಂದು ಬೆರಳಗಲ.
ಮೊದಲು ಮೇಷ್ಟರ ಮೋಡ ಬರೆದೆ. ಅಳಿಸಿದೆ.
ಕಾಯುವ ಕಾರೆ ಬರೆದೆ. ಹಂದಿ ನೆನಪಾಯಿತು.
ಸೂಜಿಗೆ ದಾರ ಪೋಣಿಸಿ ಕಾಂಡಕ್ಕೆ ನಾಲ್ಕು ಹೊಲಿಗೆ ಹಾಕುವಾಗ
ನನ್ನ ಶರಟಿನ ತೋಳು ಹಿಡಿದುಕೊಂಡಿತು.
ಎಳೆಯಲಿಲ್ಲ.
ಇನ್ನೊಂದು ಕೈಯಲ್ಲಿ, ಒಂದೊಂದೇ ಎಳೆ,
ನಿಧಾನಕ್ಕೆ ಬಿಡಿಸಿಕೊಳ್ಳುತ್ತ ಕೂತೆ.

'ಮೂಲ ಸಿಕ್ಕಿತಾ?' ಮೇಡಂ ಕೇಳಿದರು.
ಇಲ್ಲ ಎಂದೆ.
ಹೆಸರು ಎಲ್ಲಿಗೆ ಹೋಯಿತು ಅನ್ನೋದು ಸಿಕ್ಕಿತು
ಎನ್ನಲು ಹೋಗಿ,
ಬಸ್ ಚಾರ್ಜಿನಲ್ಲಿ ಉಳಿದ ಹದಿನಾಲ್ಕು ರೂಪಾಯಿ
ಮೇಜಿನ ಮೇಲಿಟ್ಟೆ.