ಒದ್ದೆ ಅಂದ ಟ್ಯಾಂಕರು

ಮೈಲಾರಲಿಂಗನ ಪಟದ ಪಕ್ಕ
ಕರಿ ಡಬ್ಬಿಯೊಂದನ್ನು ಕೂರಿಸಿ ಹೋದ ಶ್ರುತಕೀರ್ತಿ.
"ಸುತ್ತಲ ಗಾಡಿಗಳ ಮಾತು ಇದಕ್ಕೆ ಕೇಳಿಸುತ್ತೆ ಅಣ್ಣ,
ನಿಮ್ಮ ಮಾತು ಅವಕ್ಕೆ."
ಇಪ್ಪತ್ತೆರಡು ವರ್ಷ ಬಸ್ಸೋಡಿಸಿದವನಿಗೆ
ಗಾಡಿ ಮಾತಾಡೋದು ಹೊಸದೇ?
ಎದುರಿನ ಲಾರಿ ಎರಡು ಸಲ ಕಣ್ಣು ಮಿಟುಕಿಸಿದರೆ
ಮುಂದೆ ಪೊಲೀಸು.
ಗಂಗಹನುಮಕ್ಕ ತಗಡಿಗೆ ಎರಡೇಟು ಬಡಿದರೆ
ಬಾಗಿಲಲ್ಲಿ ಯಾರೂ ನೇತಾಡುತ್ತಿಲ್ಲ.
ಆ ಎರಡೇಟನ್ನು ನಾನು
ಕನ್ನಡಿ ನೋಡಿ ತಾಳೆ ಹಾಕಿದವನಲ್ಲ.

ಡಬ್ಬಿ ಹಾಗಲ್ಲ, ತಾಳೆ ಹಾಕುತ್ತೆ.
ಅದರ ಪರದೆಯಲ್ಲಿ ಗಾಡಿಗೆ ನಂಬರ್ ಪ್ಲೇಟಿಲ್ಲ,
ಐದು ನಿಮಿಷಕ್ಕೊಂದು ಹೆಸರು.
ಮಾರತ್‌ಹಳ್ಳಿ ಸೇತುವೆ ಹತ್ತುವಾಗ ಒಬ್ಬ,
ಇಳಿಯುವಾಗ ಇನ್ಯಾರೋ.
"ಯಾರು ಯಾರ ಮನೆಗೆ ಹೋದರೆಂದು
ಊರಿಗೆಲ್ಲ ಗೊತ್ತಾಗಬಾರದಲ್ಲ" ಅಂದ ಹುಡುಗ.
ಹೆಸರು ಕಳಚುತ್ತೆ, ಅಂಕ ಮಾತ್ರ ಬೆನ್ನಿಗಂಟಿ ಬರುತ್ತೆ,
ಹತ್ತಕ್ಕೆ ಇಷ್ಟು ಅಂತ.
ನನ್ನದು ಒಂಬತ್ತು.
ಎಸ್ಸೆಸ್ಸೆಲ್ಸಿಯಲ್ಲೂ ಹಾಗೆ ಬಂದಿರಲಿಲ್ಲ.

ಮೊದಲ ವಾರವೇ ಸರ್ಜಾಪುರ ರಸ್ತೆಯ ಯಾವನೋ ಚಾಲಾಕಿ
ಒಂದು ಕಾರಿನಿಂದ ಮೂವತ್ತು ಕಾರು ಹುಟ್ಟಿಸಿದ.
ಮೂವತ್ತೂ ಒಂದೇ ಬಾಯಲ್ಲಿ:
ಇಬ್ಬಲೂರು ಜಾಮ್, ತಿರುಗಿ, ತಿರುಗಿ.
ನಂಬಿದವರು ಗಲ್ಲಿಗಳಲ್ಲಿ ಸಿಕ್ಕಿಬಿದ್ದರು.
ಅವನು ಖಾಲಿ ರಸ್ತೆಯಲ್ಲಿ
ಮೊಣಕೈ ಹೊರಗಿಟ್ಟುಕೊಂಡು ಹೋದ.
ಗಂಗಹನುಮಕ್ಕ ನಕ್ಕೂ ನಕ್ಕೂ ಚಿಲ್ಲರೆ ಎಣಿಕೆ ತಪ್ಪಿದಳು:
"ಟಿಕೆಟ್ಟೇ ಹರಿಯದೆ ಮೂವತ್ತು ಜನಾನ ಹತ್ತಿಸಿದನಲ್ಲಪ್ಪಾ!"

ಆಮೇಲೆ ಡಬ್ಬಿಗೆ ಅನುಮಾನ ಕಲಿಸಿದರು.
ಒಬ್ಬ ಹೇಳಿದರೆ ಸುಮ್ಮನಿರು.
ನಾಲ್ಕು ದಿಕ್ಕಿಂದ ನಾಲ್ವರು ಹೇಳಲಿ.

ದಿನಾ ರಾತ್ರಿ ಹತ್ತೂಕಾಲಿಗೆ, ಅಗರದ ಹತ್ತಿರ,
ಒಂದು ಹಳೇ ನೀರಿನ ಟ್ಯಾಂಕರು.
ರಸ್ತೆ ಒದ್ದೆ, ಅನ್ನುತ್ತೆ.
ಏಪ್ರಿಲ್ ತಿಂಗಳು. ಆಕಾಶದಲ್ಲಿ ಹನಿಯಿಲ್ಲ.
ಮುಂದಿನ ಕಾರುಗಳೆಲ್ಲ ಒಣ, ಒಣ, ಒಣ ಅಂದವು.
ಎಂಟಿದ್ದ ಅಂಕ ಐದಾಯಿತು, ಮೂರಾಯಿತು,
ಕೊನೆಗೆ ಎರಡು.
ಎರಡಕ್ಕಿಳಿದವನ ಮಾತು ಪರದೆಯಲ್ಲಿ ಬೂದಿ ಬಣ್ಣ.

ಆ ರಾತ್ರಿ ಅದು ನನ್ನ ಮುಂದೆಯೇ ಇತ್ತು.
ಬೂದಿ ಅಕ್ಷರ: ರಸ್ತೆ ಒದ್ದೆ.
ಡಬ್ಬಿಯ ಹಸಿರು ದೀಪ: ಹೋಗು.
ನನ್ನ ಕಣ್ಣಿಗೆ ಬಿದ್ದದ್ದು ವಾಲ್ವು,
ಚಿಂದಿ ತುರುಕಿದ್ದ ವಾಲ್ವು,
ಅಲ್ಲಿಂದ ಡಾಂಬರಿನ ಮೇಲೆ ಬಿಚ್ಚಿದ ಜಡೆಯ ಹಾಗೆ
ನೀರು.
ಅದು ಸುಳ್ಳೇ ಹೇಳಿರಲಿಲ್ಲ.
ಹೋದಲ್ಲೆಲ್ಲ ತಾನೇ ಒದ್ದೆ ಮಾಡುತ್ತಾ
ಒದ್ದೆ ಅಂದಿತ್ತು.
ಒಣ ಅಂದವರದ್ದೂ ಸುಳ್ಳಲ್ಲ,
ಅವರು ಮೊದಲೇ ದಾಟಿದ್ದರು.

ಬ್ರೇಕ್ ಒತ್ತಿದೆ. ನಿಂತವರು ಒಬ್ಬರ ಮೇಲೊಬ್ಬರು, ಬೈಗುಳ.
ಎಡದಲ್ಲಿ ಊಟ ತಲುಪಿಸುವ ಹುಡುಗನ ಸ್ಕೂಟರು
ಜಾರಿ, ಗಿರಕಿ ಹೊಡೆದು,
ನನ್ನ ಚಕ್ರಕ್ಕೆ ಒಂದು ಮೊಳ ಉಳಿಸಿ ಬಿತ್ತು.
ಯಾರದೋ ಮನೆಯ ಸಾಂಬಾರು ರಸ್ತೆಗೆ.
ಹುಡುಗ ಎದ್ದ. ಮೊದಲು ಮೊಬೈಲು ನೋಡಿಕೊಂಡ,
ಆಮೇಲೆ ಮೊಣಕೈ.

ಡಿಪೋದಲ್ಲಿ ಡಬ್ಬಿ ಬರೆದಿತ್ತು:
ಕಾರಣವಿಲ್ಲದ ಬ್ರೇಕ್. ಅಂಕ ಏಳು.
"ಅರ್ಜಿ ಹಾಕೋಣ ಅಣ್ಣ, ಸರಿಹೋಗುತ್ತೆ" ಅಂದ ಶ್ರುತಕೀರ್ತಿ.
"ಟ್ಯಾಂಕರಿಂದು?"
ಅವನು ಉಗುರು ಕಚ್ಚಿದ.
ಅಷ್ಟರಲ್ಲಿ ಅದರ ಹೆಸರು
ಎಷ್ಟು ಸಲ ಬದಲಾಗಿತ್ತೋ.

ಈಗ ಅಗರ ಬಂದರೆ ಬೂದಿ ಅಕ್ಷರವನ್ನೇ ಮೊದಲು ಓದುತ್ತೇನೆ.
ಹಿಂದಿನಿಂದ ಎರಡೇಟು ಬೀಳುತ್ತೆ, ಧಡ್ ಧಡ್.
ಇವತ್ತು ಮೊದಲ ಸಲ ಕನ್ನಡಿ ನೋಡಿದೆ.
ಯಾಕೆ ಅಂತ ಗಂಗಹನುಮಕ್ಕ ಕೇಳಲಿಲ್ಲ.
ನೋಡಿದ್ದು ಅವಳಿಗೆ ಕಂಡಿತ್ತು.